ಕೇಳದೆ ಕೊಟ್ಟ ತೀರ್ಪು

ಶೇಕ್ಸ್‌ಪಿಯರನ ‘ಒಥೆಲೊ’ವನ್ನು ಸಂಶಯಪಿಶಾಚಿ ಹಿಡಿದ ಗಂಡನ ಕಥೆ ಎಂದು ಹೇಳಿ ಮುಗಿಸುವುದು ನಮಗೆ ರೂಢಿಯಾಗಿದೆ. 1604ರ ನವೆಂಬರ್ 1ರಂದು ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ ಆಡಿದ ದಾಖಲೆಯಿರುವ ಈ ನಾಟಕ, ಬಸವಪ್ಪ ಶಾಸ್ತ್ರಿಗಳ ‘ಶೂರಸೇನ ಚರಿತ್ರೆ’ಯಾಗಿ ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡಕ್ಕೂ ಬಂತು. ಇಯಾಗೊನ ಕುತಂತ್ರ, ಒಥೆಲೊನ ಮತ್ಸರ, ಡೆಸ್ಡಿಮೋನಾಳ ಮುಗ್ಧತೆ ಎಂಬ ಮೂರು ಮಾತುಗಳಲ್ಲಿ ಕಥೆ ಅಡಗಿಬಿಡುತ್ತದೆ. ಈ ಓದು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಲ್ಲುತ್ತದೆ. ಮತ್ಸರ ಒಥೆಲೊನನ್ನು ಸುಟ್ಟಿತು, ನಿಜ. ಡೆಸ್ಡಿಮೋನಾಳ ಉಸಿರು ನಿಲ್ಲಿಸಿದ್ದು ಮಾತ್ರ ವಿಚಾರಣೆಯಿಲ್ಲದೆ ಹೊರಬಿದ್ದ ತೀರ್ಪು. ಶೇಕ್ಸ್‌ಪಿಯರ್ ಇದನ್ನು ನಾಟಕದ ಕಟ್ಟಡದಲ್ಲೇ ಇಟ್ಟಿದ್ದಾನೆ.

ಮೊದಲ ಅಂಕದ ವೆನಿಸ್ ಸಭೆಯ ದೃಶ್ಯವನ್ನೇ ನೋಡಿ. ತುರ್ಕರ ನೌಕಾಪಡೆ ಹೊರಟಿದೆ. ಒಂದು ಪತ್ರ 107 ಹಡಗು ಎನ್ನುತ್ತದೆ, ಇನ್ನೊಂದು 140, ಮತ್ತೊಂದು 200. ಪಡೆ ರೋಡ್ಸ್ ದ್ವೀಪದತ್ತ ತಿರುಗಿತೆಂಬ ಸುದ್ದಿಯೂ ಬರುತ್ತದೆ. ಸಭಿಕರು ಗಾಬರಿಬೀಳದೆ ವರದಿಗಳನ್ನು ತಾಳೆ ನೋಡುತ್ತಾರೆ. ರೋಡ್ಸ್ ಕಡೆಗಿನ ನಡೆ ಕಣ್ಣಿಗೆ ಮಣ್ಣೆರಚುವ ಆಟ, ನಿಜವಾದ ಗುರಿ ಸೈಪ್ರಸ್ ಎಂದು ಊಹಿಸುತ್ತಾರೆ. ಅದೇ ಸಭೆಗೆ ಡೆಸ್ಡಿಮೋನಾಳ ತಂದೆ ಬ್ರಬಾನ್ಶಿಯೊ ನುಗ್ಗಿ, ಒಥೆಲೊ ಮಾಟಮದ್ದು ಮಾಡಿ ಮಗಳನ್ನು ಹಾರಿಸಿಕೊಂಡು ಹೋದನೆಂದು ದೂರುತ್ತಾನೆ. ಬರೀ ಆರೋಪ ಪುರಾವೆಯಾಗದು ಎನ್ನುತ್ತಾನೆ ವೆನಿಸ್‌ನ ಡ್ಯೂಕ್. ಅವಳನ್ನೇ ಕರೆಸಿ ಕೇಳಿ, ನನ್ನಲ್ಲಿ ತಪ್ಪು ಕಂಡರೆ ಪದವಿಯನ್ನೂ ಪ್ರಾಣವನ್ನೂ ತೆಗೆಯಿರಿ ಎಂದು ಬೇಡುವವನು ಸ್ವತಃ ಒಥೆಲೊ. ಡೆಸ್ಡಿಮೋನಾ ಬರುತ್ತಾಳೆ, ತನ್ನ ಬಾಯಿಂದಲೇ ನಡೆದದ್ದನ್ನು ಹೇಳುತ್ತಾಳೆ, ಆರೋಪ ಬಿದ್ದುಹೋಗುತ್ತದೆ. ವೆನಿಸ್‌ನಲ್ಲಿ ಪರಕೀಯನಾದ ಅವನನ್ನು ಆ ರಾತ್ರಿ ಉಳಿಸಿದ್ದು ವಿಚಾರಿಸಿ ನೋಡುವ ಒಂದು ಪದ್ಧತಿ. ಅವಳ ಸಾಕ್ಷಿಯಿಂದ ಉಳಿದವನೇ ಮುಂದೆ ಅವಳಿಗೆ ಆ ಅವಕಾಶ ಕೊಡಲಿಲ್ಲ.

ಒಥೆಲೊನ ಕೈಕೆಳಗಿನ ಸೈನಿಕ ಇಯಾಗೊನ ನ್ಯಾಯಶಾಸ್ತ್ರ ಇದಕ್ಕೆ ತದ್ವಿರುದ್ಧ. ತನ್ನ ಹೆಂಡತಿ ಎಮಿಲಿಯಾಳ ಜೊತೆ ಒಥೆಲೊಗೆ ಸಂಬಂಧವಿತ್ತೆಂಬ ಗಾಳಿಮಾತು ಅವನ ಕಿವಿಗೂ ಬಿದ್ದಿದೆ. ಅದು ನಿಜವೋ ಸುಳ್ಳೋ ತನಗೆ ಗೊತ್ತಿಲ್ಲ, ಆದರೂ ಶಂಕೆಯನ್ನೇ ಖಾತ್ರಿ ಎಂದು ಹಿಡಿದು ನಡೆಯುತ್ತೇನೆ ಎಂದು ಅವನು ಪ್ರೇಕ್ಷಕರೆದುರು ಒಪ್ಪಿಕೊಳ್ಳುತ್ತಾನೆ. ಈ ನಿಯಮವನ್ನು ಒಥೆಲೊಗೆ ಕಲಿಸಿ, ಅವನ ಉಪಸೇನಾನಿ ಕ್ಯಾಸಿಯೊ ಜೊತೆ ಡೆಸ್ಡಿಮೋನಾಳಿಗೆ ಸಂಬಂಧವಿದೆಯೆಂದು ನಂಬಿಸುವುದೇ ಇಯಾಗೊನ ಇಡೀ ಸಂಚು. ಮೂರನೆಯ ಅಂಕದಲ್ಲಿ ಅವನು ಮೊದಮೊದಲು ಹೇಳುವ ಸುಳ್ಳು ಎಷ್ಟು ಕಡಿಮೆ ಎಂಬುದನ್ನು ಗಮನಿಸಬೇಕು. ಕ್ಯಾಸಿಯೊ ಡೆಸ್ಡಿಮೋನಾಳ ಬಳಿಯಿಂದ ಹೊರಟದ್ದನ್ನು ಕಂಡು ಯಾಕೋ ಸರಿಕಾಣದು ಎಂದು ಗೊಣಗುತ್ತಾನೆ. ಕೇಳಿದರೆ ಏನಿಲ್ಲ ಎನ್ನುತ್ತಾನೆ. ಒಥೆಲೊ ಆಡಿದ ಮಾತನ್ನೇ ತಿರುಗಿ ಆಡಿ ಸುಮ್ಮನಾಗುತ್ತಾನೆ. ಮತ್ಸರಕ್ಕೆ ಬೀಳಬೇಡಿ ಎಂದು ಎಚ್ಚರಿಸುವವನೂ ಅವನೇ. ಬಿಟ್ಟ ಸ್ಥಳವನ್ನು ಕೇಳುಗನೇ ತುಂಬಿಕೊಂಡಾಗ ಅದು ತನ್ನದೇ ಶೋಧನೆ ಎನಿಸುತ್ತದೆ. ಬೇರೆಯವರು ಹೇಳಿದ್ದನ್ನು ಅನುಮಾನಿಸುವಷ್ಟು ಸುಲಭವಾಗಿ ತಾನೇ ಕಂಡುಕೊಂಡದ್ದನ್ನು ಯಾರೂ ಅನುಮಾನಿಸುವುದಿಲ್ಲ.

ಮತ್ಸರದಲ್ಲಿ ಕುದಿಯುವವನಿಂದ ತನಿಖೆ ನಿರೀಕ್ಷಿಸುವುದೇ ತಪ್ಪು, ವಿವೇಕ ಕೆಡಿಸುವುದೇ ಮತ್ಸರದ ಗುಣವಲ್ಲವೇ ಎಂದು ಯಾರಾದರೂ ಕೇಳಬಹುದು. ಆದರೆ ಒಥೆಲೊ ಪುರಾವೆ ಕೇಳದವನಲ್ಲ. ಇಯಾಗೊನ ಕುತ್ತಿಗೆಪಟ್ಟಿ ಹಿಡಿದಂತೆ ಗದರಿಸಿ, ಕಣ್ಣಾರೆ ತೋರಿಸು ಎಂದು ಪಟ್ಟುಹಿಡಿಯುತ್ತಾನೆ. ಎಡವಟ್ಟಾಗುವುದು ಅದನ್ನು ಯಾರಿಂದ ಕೇಳುತ್ತಾನೆ ಎಂಬಲ್ಲಿ. ಆರೋಪ ಹೊರಿಸಿದವನೇ ಸಾಕ್ಷಿ, ಅವನೇ ತನಿಖಾಧಿಕಾರಿ, ಶಿಕ್ಷೆಯ ಬಗೆಯನ್ನು ಸೂಚಿಸುವವನೂ ಅವನೇ. ಕ್ಯಾಸಿಯೊ ನಿದ್ದೆಯಲ್ಲಿ ಕನವರಿಸಿದನೆಂಬ ಕಥೆ ಸಾಕ್ಷ್ಯವಾಗುತ್ತದೆ. ನಾಲ್ಕನೆಯ ಅಂಕದಲ್ಲಿ ಕ್ಯಾಸಿಯೊ ಬಿಯಾಂಕಾ ಎಂಬ ಬೇರೆ ಹೆಣ್ಣಿನ ಬಗ್ಗೆ ಮಾತಾಡುತ್ತಾ ನಗುವುದನ್ನು ಮರೆಯಲ್ಲಿ ನಿಂತು ನೋಡಿದ ಒಥೆಲೊ, ಅದು ತನ್ನ ಹೆಂಡತಿಯ ಮಾತೇ ಎಂದು ನಂಬುತ್ತಾನೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲಿ ಹೇಳುವುದು ಇಂಥ ಹೊತ್ತಿಗೇ. ಅವನ ಕಣ್ಣು ಕಂಡದ್ದು ಸರಿಯಾಗಿಯೇ ಇತ್ತು. ಅದಕ್ಕೆ ಅರ್ಥ ಹೇಳಿದ ಬಾಯಿ ಒಂದೇ ಆಗಿತ್ತು.

ಕರವಸ್ತ್ರದ ವಿಷಯವೂ ಹೀಗೆಯೇ. 1693ರಲ್ಲಿ ಥಾಮಸ್ ರೈಮರ್ ಎಂಬ ವಿಮರ್ಶಕ, ಒಂದು ಕರವಸ್ತ್ರಕ್ಕಾಗಿ ಇಷ್ಟೆಲ್ಲ ರಂಪವೇ ಎಂದು ಗೇಲಿ ಮಾಡಿದ. ಸ್ಟ್ರಾಬೆರಿ ಹಣ್ಣುಗಳ ಕಸೂತಿಯಿದ್ದ ಆ ಬಟ್ಟೆ ಬಿದ್ದದ್ದು ಹೇಗೆ? ತಲೆನೋವೆಂದ ಗಂಡನ ಹಣೆಗೆ ಕಟ್ಟಲು ಡೆಸ್ಡಿಮೋನಾ ಅದನ್ನು ತೆಗೆದಾಗ, ಇದು ಚಿಕ್ಕದಾಯಿತು ಎಂದು ಸರಿಸಿದವನು ಒಥೆಲೊನೇ. ಅಲ್ಲೇ ಬಿದ್ದ ಬಟ್ಟೆಯನ್ನು ಎಮಿಲಿಯಾ ಎತ್ತಿ ಇಯಾಗೊಗೆ ಕೊಟ್ಟಳು, ಅವನು ಅದನ್ನು ಕ್ಯಾಸಿಯೊನ ಕೋಣೆಗೆ ಸೇರಿಸಿ ಪ್ರಣಯದ ಪುರಾವೆಯಾಗಿಸಿದ. ಅಂದರೆ ಆ ಪುರಾವೆ ಹೆಂಡತಿಯ ಕೈತಪ್ಪಿದ ಗಳಿಗೆಗೆ ನ್ಯಾಯಾಧೀಶನೇ ಸಾಕ್ಷಿ. ಅವನಿಗದು ನೆನಪಾಗುವುದೇ ಇಲ್ಲ. ವಸ್ತು ಕ್ಷುಲ್ಲಕ ಎಂಬ ರೈಮರನ ಆಕ್ಷೇಪ ನಾಟಕದ ದೋಷವನ್ನು ತೋರಿಸುವ ಬದಲು ಅದರ ತಿರುಳನ್ನೇ ಎತ್ತಿ ಹಿಡಿಯುತ್ತದೆ: ಪ್ರಶ್ನೆ ಕೇಳುವವರಿಲ್ಲದ ಕಡೆ ಚಿಂದಿಬಟ್ಟೆಯೂ ದೊಡ್ಡ ಪುರಾವೆಯೇ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಒಥೆಲೊ ಬಿಳಿಯರ ನಡುವಿನ ಕರಿಯ. ವೆನಿಸ್ ಅವನ ಕತ್ತಿಯನ್ನು ಬಯಸಿತೇ ಹೊರತು ಅವನನ್ನು ತನ್ನವನೆಂದು ಒಪ್ಪಲಿಲ್ಲ. ವೆನಿಸ್ ಹೆಂಗಸರ ಗುಟ್ಟು ನಿನಗೇನು ಗೊತ್ತು, ತಂದೆಗೇ ವಂಚಿಸಿದವಳು ಎಂದು ಇಯಾಗೊ ಚುಚ್ಚುವುದು ಆ ಗಾಯಕ್ಕೇ. ಹೀಗಿರುವಾಗ ದೋಷವನ್ನೆಲ್ಲ ಒಥೆಲೊನ ತಲೆಗೆ ಕಟ್ಟುವುದು ಅನ್ಯಾಯವಲ್ಲವೇ? ಅವನು ಏಕೆ ಸುಲಭವಾಗಿ ಕುಸಿದ ಎಂಬುದಕ್ಕೆ ಇದು ಉತ್ತರ ಹೌದು. ಆದರೆ ಊರಿನ ರೀತಿನೀತಿ ಅರಿಯದವನು ಒಬ್ಬನ ಮಾತಿಗೆ ಜೋತುಬೀಳುವ ಬದಲು ನಾಲ್ವರನ್ನು ಕೇಳಬೇಕಿತ್ತು. ಎಮಿಲಿಯಾಳನ್ನು ಅವನು ಕೇಳುತ್ತಾನೆ ಕೂಡ. ಆಕೆ ತನ್ನ ಒಡತಿ ನಿರ್ದೋಷಿ ಎಂದು ಆಣೆಯಿಟ್ಟು ಹೇಳುತ್ತಾಳೆ. ಅವನು ಆಕೆಯನ್ನು ಕುಂಟಣಿ ಎಂದು ತಳ್ಳಿಹಾಕುತ್ತಾನೆ. ಹೆಣ್ಣಿನ ಸಾಕ್ಷಿಗೆ ಬೆಲೆಯಿಲ್ಲ, ಜೊತೆ ಸೈನಿಕನ ಪಿಸುಮಾತಿಗೆ ಉಂಟು. ಅವನನ್ನು ಹೊರಗಿಟ್ಟ ವೆನಿಸ್ ಅವನೊಳಗೆ ಬಿತ್ತಿದ ಕೀಳರಿಮೆ ಇಲ್ಲಿ ಗಂಡಿನ ಅಹಂಕಾರದ ಜೊತೆ ಕೈಜೋಡಿಸಿದೆ.

ಕೇಳಬೇಕಾದ ಪ್ರಶ್ನೆಗಳನ್ನು ನಾಟಕದಲ್ಲಿ ಕೇಳುವವಳು ಎಮಿಲಿಯಾ: ಯಾರ ಜೊತೆ, ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಸಾಧ್ಯ? ಯಾವ ಹೊತ್ತಿನಲ್ಲಿ ಎಂಬ ಒಂದು ಪ್ರಶ್ನೆಯೇ ಸಾಕಿತ್ತು. ತುರ್ಕರನ್ನು ತಡೆಯಲು ಸಭೆ ಒಥೆಲೊನನ್ನು ಕಳಿಸಿದ ಸೈಪ್ರಸ್‌ಗೆ ಕ್ಯಾಸಿಯೊ ಒಂದು ಹಡಗಿನಲ್ಲಿ ಬಂದ. ಡೆಸ್ಡಿಮೋನಾ ಬಂದದ್ದು ಇಯಾಗೊನ ಕಾವಲಿನ ಇನ್ನೊಂದರಲ್ಲಿ. ಆಪಾದಿತ ಪ್ರಣಯಕ್ಕೆ ಆ ಬಳಿಕ ಸಮಯವೇ ಇಲ್ಲ. ಈ ಕಾಲದ ಇಕ್ಕಟ್ಟು ಶೇಕ್ಸ್‌ಪಿಯರನ ಅಜಾಗ್ರತೆ ಎನ್ನುವವರಿದ್ದಾರೆ. ಇರಬಹುದು, ಆದರೆ ನಾಟಕ ನೋಡುವಾಗ ನಾವೂ ಲೆಕ್ಕ ಹಾಕುವುದಿಲ್ಲ. ಇಯಾಗೊ ಬರೀ ವೇಗದಿಂದಲೇ ಒಥೆಲೊನಂತೆ ನಮ್ಮನ್ನೂ ಎಳೆದೊಯ್ಯುತ್ತಾನೆ.

‘ಶೀಲ ಶಂಕಿಸಿ ಪತ್ನಿಯ ಹತ್ಯೆ’ ಎಂಬ ತಲೆಬರಹ ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ಶಂಕೆಯೇ ಕೊಲೆ ಮಾಡಿತೆಂಬಂತೆ, ಕೊಂದವನು ಅದರ ಕೈಗೊಂಬೆಯೆಂಬಂತೆ ಅದು ಓದಿಸಿಕೊಳ್ಳುತ್ತದೆ. ‘ಒಥೆಲೊ’ವನ್ನು ಮತ್ಸರದ ದುರಂತವೆಂದಷ್ಟೇ ಓದಿದರೆ ನಾವೂ ಅದೇ ರಿಯಾಯಿತಿ ಕೊಟ್ಟಂತೆ. ಶಂಕೆ ಮನುಷ್ಯರಿಗೆ ಬರುತ್ತದೆ, ಅದನ್ನು ತಡೆಯಲಾಗದು; ಶಂಕೆಯ ಮೇಲೆ ತೀರ್ಪು ಕೊಡುವುದು ಮಾತ್ರ ಒಂದು ಆಯ್ಕೆ. ಕೊನೆಯ ಅಂಕದಲ್ಲಿ ಡೆಸ್ಡಿಮೋನಾ, ಆ ಕ್ಯಾಸಿಯೊನನ್ನೇ ಕರೆಸಿ ಕೇಳು ಎನ್ನುತ್ತಾಳೆ. ಮೊದಲ ಅಂಕದಲ್ಲಿ ಒಥೆಲೊ ಸಭೆಯನ್ನು ಬೇಡಿದ್ದೂ ಇದನ್ನೇ. ಅರ್ಧ ಗಂಟೆ ಜೀವ ಉಳಿಸು ಎಂದರೂ ಅವನು ಒಪ್ಪುವುದಿಲ್ಲ. ಹೆಂಡತಿಯನ್ನು ಕೊಂದು ಸಿಕ್ಕಿಬಿದ್ದ ಒಥೆಲೊನನ್ನಾದರೂ ಅವನ ಅಪರಾಧದ ಸ್ವರೂಪ ವೆನಿಸ್‌ಗೆ ತಿಳಿಯುವವರೆಗೆ ಸೆರೆಯಲ್ಲಿಡಿ ಎಂದಷ್ಟೇ ಅಧಿಕಾರಿಗಳು ಆಜ್ಞಾಪಿಸುತ್ತಾರೆ. ಕೊಲೆಗಾರನಿಗೂ ಸಿಗಬೇಕಾದ ಆ ವಿಚಾರಣೆ ಏನೂ ತಪ್ಪು ಮಾಡದವಳಿಗೆ ಸಿಗಲಿಲ್ಲ. ಇಯಾಗೊ ಎಷ್ಟೇ ಜಾಣನಿರಲಿ, ಅದನ್ನು ಕೊಡುವ ಅಧಿಕಾರ ಕೊನೆಯವರೆಗೂ ಒಥೆಲೊನ ಕೈಯಲ್ಲೇ ಇತ್ತು.