ನಾಚಿಕೆ ಬೇಡ, ಮೊದಲು ತಿಳಿಸಿ

ನಮ್ಮ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಕಾರ್ಡಿನಿಂದ ಹಣ ಹೋದ ಸಂಗತಿಯನ್ನು ಮಡದಿ ಮಕ್ಕಳಿಗೂ ಹೇಳದೆ ಹದಿನೈದು ದಿನ ಮುಚ್ಚಿಟ್ಟಿದ್ದರು. ಓದಿದವನಾಗಿಯೂ ಮೋಸಹೋದೆನೆಂಬ ಸಂಕೋಚ. ವಾಸ್ತವವಾಗಿ ಅವರು ಒಟಿಪಿಯನ್ನು ಯಾರಿಗೂ ಹೇಳಿರಲಿಲ್ಲ. ವಿದೇಶದ ಮಾರಾಟಗಾರನೊಬ್ಬನಲ್ಲಿ ಯಾರೋ ಅವರ ಕಾರ್ಡಿನ ಅಂಕಿಗಳನ್ನು ಬಳಸಿದ್ದರು.

ಮನೆಯಲ್ಲಿ ಕುಳಿತು ಕೊಳ್ಳುವಾಗ ವ್ಯಾಪಾರಿಯು ಕಾರ್ಡನ್ನಾಗಲಿ ಕೊಳ್ಳುವವರ ಮುಖವನ್ನಾಗಲಿ ಕಾಣುವುದಿಲ್ಲ. ಆದಕಾರಣವೇ ರಿಸರ್ವ್ ಬ್ಯಾಂಕು 2009ರ ಆಗಸ್ಟ್‌ನಿಂದ, ಕಾರ್ಡಿನ ಮೇಲೆ ಮುದ್ರಿತವಾಗಿರದ ಮತ್ತೊಂದು ಗುರುತನ್ನೂ ಕೇಳಬೇಕೆಂದು ವಿಧಿಸಿತು. ಇಂದು ಅದು ಹೆಚ್ಚಾಗಿ ಒಟಿಪಿಯ ರೂಪದಲ್ಲಿ ಬರುತ್ತದೆ. ಬ್ಯಾಂಕಿನವನೆಂದು ಹೇಳಿಕೊಂಡು ಅದನ್ನು ಕೇಳುವವನು ಬ್ಯಾಂಕಿನವನಲ್ಲ. ವಿದೇಶದ ಕೆಲವು ಮಾರಾಟಗಾರರಲ್ಲಿ ಈ ಗುರುತು ಇಲ್ಲದೆಯೇ ಹಣ ಕಡಿತವಾಗುವುದುಂಟು. ಆದ್ದರಿಂದ ಅಗತ್ಯವಿಲ್ಲದವರು ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮುಚ್ಚಿಡುವುದು ಲೇಸು. (ಮೊಮ್ಮಕ್ಕಳಿಗೆ ಇದು ಎರಡು ನಿಮಿಷದ ಕೆಲಸ.)

ತಪ್ಪು ಗ್ರಾಹಕರದೂ ಬ್ಯಾಂಕಿನದೂ ಅಲ್ಲದಿದ್ದಲ್ಲಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರು ನಷ್ಟ ಹೊರಬೇಕಿಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲಿ ನಿಗದಿಪಡಿಸಿತು. ಉಪಾಧ್ಯಾಯರು ಕಳೆದುಕೊಂಡದ್ದು ಈ ಮೂರು ದಿನಗಳನ್ನು. ಒಟಿಪಿಯನ್ನು ತಾವೇ ಹೇಳಿಬಿಟ್ಟವರೂ ಸುಮ್ಮನಿರಬಾರದು; ತಿಳಿಸಿದ ನಂತರ ಆಗುವ ನಷ್ಟದ ಹೊಣೆ ಬ್ಯಾಂಕಿನದು.

ಕಾರ್ಡಿನ ಹಿಂಬದಿಯಲ್ಲಿರುವ ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನೂ, ಸೈಬರ್ ವಂಚನೆಯ ಸಹಾಯವಾಣಿ 1930ನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.