ಓಲಾಫ್ ಅನ್ನೋ ಹೆಸರೂ, ನಮ್ಮನಿ ಅಕ್ಕಿ ತಾಟೂ

ಹ್ವಾದ ಐತವಾರ ಮಧ್ಯಾಹ್ನ ನಮ್ಮನ್ಯಾಗ ಎರಡು ಗದ್ದಲ ಕೂಡೇ ನಡದಿದ್ವು. ಪಡಸಾಲ್ಯಾಗ ಮೊಮ್ಮಕ್ಕಳು ‘ಫ್ರೋಜನ್’ ಪಿಕ್ಚರ್ ಹಚ್ಕೊಂಡು ಕೂತಿದ್ರು, ಎಷ್ಟನೇ ಸಲ ಅಂತ ಕೇಳಬ್ಯಾಡ್ರಿ. ಒಳಗ ಅಡಗಿಮನ್ಯಾಗ ನಾವು ನಾಲ್ಕು ಮಂದಿ ಶೇಂಗಾ ಸುಲಿಕೋತ, ಮಾರ್ಗಶಿರದಾಗ ಬರೋ ಹೊಸಾ ಸೊಸಿಗೆ ಏನು ಹೆಸರು ಇಡಬೇಕು ಅನ್ನೋ ಚರ್ಚಾ ನಡಿಸಿದ್ವಿ. ಒಬ್ಬಾಕಿ ಲಕ್ಷ್ಮಿ ಹೆಸರು ಅಂದ್ಲು, ಇನ್ನೊಬ್ಬಾಕಿ ಹುಡುಗನ ಹೆಸರಿಗೆ ಹೊಂದೂ ಹಂಗ ಇರಲಿ ಅಂದ್ಲು. ಅಷ್ಟರಾಗ ಸಣ್ಣಾಕಿ ಓಡಿ ಬಂದು, “ಅಜ್ಜೀ, ಓಲಾಫ್ ಅಂದ್ರ ಏನ?” ಅಂತ ಕೇಳಿದ್ಲು. ಓಲಾಫ್ ಅಂದ್ರ ಆ ಪಿಕ್ಚರಿನ ಬರ್ಫದ ಗೊಂಬಿ, ಗಜ್ಜರಿ ಮೂಗಿಂದು. ನಮ್ಮ ನೆಗೆಣ್ಣಿ, “ಅದೆಂಥಾ ಹೆಸರವ್ವಾ, ಆಲೂ ಪಲ್ಯಾ ಅಂದಂಗ ಆಗ್ತದ” ಅಂದು ನಕ್ಕಳು. ಎಲ್ಲಾರೂ ನಕ್ಕವಿ.

ಆದ್ರ ಕೂಸು ಕೇಳಿದ್ದು ಛಲೋ ಪ್ರಶ್ನಿ. ಹುಡುಕಿ ಓದಿದೆ. ಓದಿದ್ದು ಹೊಳ್ಳಿ ನಮ್ಮ ಶೇಂಗಾದ ಮಾತಿಗೇ ಬಂದು ನಿಂತ್ತು. ಅದಕ್ಕ ಇವತ್ತು ಬರೀಲಿಕ್ಕೆ ಕೂತೀನಿ. ನನ್ನ ಅಭಿಪ್ರಾಯ ಮೊದಲಿಗೇ ಹೇಳಿಬಿಡ್ತೀನಿ, ಆಮ್ಯಾಲೆ ಬೈಯೋರು ಬೈಯ್ರಿ: ಬರೋ ಹುಡುಗಿ ಹೆಸರು ಬದಲಿ ಮಾಡಬಾರದು.

ಓಲಾಫ್ ಅನ್ನೋದು ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಐಸ್‌ಲ್ಯಾಂಡ್ ಕಡಿ ಗಂಡಸರ ಹೆಸರು, ಭಾಳ ಹಳೇದು. ಭಾಷಾ ಪಂಡಿತರು ಅದರ ಮೂಲ ರೂಪ ‘ಅನುಲೈಬ’ ಅನ್ನೂ ಹಂಗ ಇತ್ತು ಅಂತಾರ. ‘ಅನು’ ಅಂದ್ರ ಪೂರ್ವಜರು, ಹಿಂದಿನವರು. ‘ಲೈಬ’ ಅಂದ್ರ ಉಳದದ್ದು, ಬಿಟ್ಟುಹೋದದ್ದು. ಇಂಗ್ಲಿಷಿನ್ಯಾಗ ಬಿಡೂದಕ್ಕ ‘ಲೀವ್’ ಅಂತೀವಲ್ಲ, ಅದೂ ಇದೇ ಬಳಗದ್ದು. ಒಟ್ಟಿನ್ಯಾಗ ಓಲಾಫ್ ಅಂದ್ರ ಹಿರಿಯರು ಬಿಟ್ಟುಹೋದ ಉಳಿಕಿ. ನಮ್ಮಲ್ಲೆ ಅಜ್ಜಿ ಕಾಲದ ಹರಿವಾಣ, ಪಾಟ್ಲಿ, ಇರಕಲ್ ಸೀರಿ ಅಂತ ಇಟ್ಕೊಂಡಿರ್ತೀವಲ್ಲ, ಹಂಗ. ಕೂಸಿಗೇ ಆ ಹೆಸರು! ಹಿಂದಿನವರು ಹೋದ್ರು, ಉಳದದ್ದು ನೀನು ಅಂತ.

ಹೆಸರು ಇಟ್ಟದ್ದೂ ಹಂಗೇ. ಓಲಾಫ್ ಟ್ರಿಗ್ವಸನ್ ಅಂತ 995ರಿಂದ 1000ದ ತನಕ ನಾರ್ವೆ ಆಳಿದ ರಾಜಾ. ಐಸ್‌ಲ್ಯಾಂಡಿನ ಸ್ನೊರಿ ಸ್ಟರ್ಲುಸನ್ ಸುಮಾರು 1230ರ ಹೊತ್ತಿಗೆ ಈ ರಾಜರ ಕಥಿ ಎಲ್ಲಾ ಬರದಿಟ್ಟಾನ. ಅವನ ಪ್ರಕಾರ, ಈ ಹುಡುಗ ಹುಟ್ಟೂಕಿಂತ ಮೊದಲೇ ಅಪ್ಪನ ಕೊಲಿ ಆಗಿತ್ತು. ತಾಯಿ ಆಸ್ಟ್ರಿಡ್ ತುಂಬಿದ ಬಸಿರಿ, ಮನಿಮಾರು ಬಿಟ್ಟು ಓಡಿ, ಒಂದು ಕೆರಿ ನಡುವಿನ ನಡುಗಡ್ಡಿಯೊಳಗ ಅಡಗಿ ಕೂತು ಹಡದ್ಲು. ತೊಟ್ಟಿಲಿಲ್ಲ, ಸೋಬಾನದ ಹಾಡಿಲ್ಲ. ಕೂಸಿನ ಮ್ಯಾಲೆ ನೀರು ಚಿಮಕಿಸಿ ಅಪ್ಪನ ಅಪ್ಪನ ಹೆಸರು ಇಟ್ರು, ಓಲಾಫ್ ಅಂತ. ಗಂಡ ಹೋಗ್ಯಾನ, ಮಾವ ಇಲ್ಲ, ರಾಜ್ಯ ಇಲ್ಲ, ಕೈಯಾಗ ಉಳದದ್ದು ಒಂದು ಹೆಸರು. ನಮ್ಮಲ್ಲೆ ಮೊದಲನೇ ಮೊಮ್ಮಗಗ ಅಜ್ಜನ ಹೆಸರು ಇಡೋದು ಗೊತ್ತೇ ಅದ. ಅಲ್ಲೇನೂ ಬ್ಯಾರೆ ಇದ್ದಿದ್ದಿಲ್ಲ.

ಇನ್ನೊಬ್ಬ ಓಲಾಫ್ ಇದ್ದ, ಇವನಕಿಂತ ಹೆಸರಾದಂವ. ಅವನ ತಾಯಿ ಆಸ್ತಾ. ಈಕಿದೂ ಅದೇ ಕಥಿ ನೋಡ್ರಿ, ಬಸಿರಿದ್ದಾಗ ಗಂಡ ಹರಾಲ್ಡ್ ಸತ್ತ. ಹಳೇ ಕಥ್ಯಾಗ ಹಿಂಗ ಬರ್ತದ: ಆಸ್ತಾಗ ಬ್ಯಾನಿ ಎದ್ದು ಹೆರಿಗಿ ಆಗವಲ್ದು. ಅದಕ್ಕೂ ಮೊದಲ ರಾನಿ ಅನ್ನೋ ಆಳಿನ ಕನಸಿನ್ಯಾಗ, ಎಂದೋ ಸತ್ತ ಓಲಾಫ್ ಅನ್ನೋ ಅರಸ ಬಂದು, ನನ್ನ ಸಮಾಧಿ ದಿಬ್ಬ ಅಗದು ಅದರಾಗಿನ ಕತ್ತಿ, ಉಂಗುರ, ನಡಪಟ್ಟಿ ತಗೊ, ಆ ಪಟ್ಟಿ ಆಸ್ತಾನ ನಡಕ್ಕ ಸುತ್ತು ಅಂದಿದ್ದನಂತ. (ಈ ರಾನಿ ಗಂಡಸು ಮತ್ತ, ನಮ್ಮ ರಾಣಿ ಅಲ್ಲ.) ಅಂವ ಹಂಗ ಮಾಡಿದ, ಹೆರಿಗಿ ಸುಸೂತ್ರ ಆತು, ಕೂಸಿಗೆ ಆ ಸತ್ತ ಅರಸನ ಹೆಸರೇ ಇಟ್ರು. ನಂಗ ಈ ನಡಪಟ್ಟಿ ಮಾತು ಭಾಳ ಹಿಡಿಸ್ತು. ಬಾಣಂತಿ ನಡಕ್ಕ ಬಿಗಿಯಾಗಿ ಹಳೇ ಸೀರಿ ಕಟ್ಟೋ ನಮ್ಮ ಅವ್ವಂದಿರಿಗೆ ಇದು ವಿಚಿತ್ರ ಅನ್ನಸೂದಿಲ್ಲ.

ಮುಂದ ಆ ಹುಡುಗ ರಾಜಾ ಆದ, ಕ್ರಿಸ್ತನ ಭಕ್ತ ಆದ. ಒಮ್ಮೆ ಆ ದಿಬ್ಬದ ಹಾಯ್ದು ಹೋಗುಮುಂದ ಜೊತಿ ಮನಷ್ಯಾ ಒಬ್ಬ, ‘ಪ್ರಭೂ, ಇಲ್ಲೆ ಹೂಳಿದ್ದು ನಿಮ್ಮನ್ನೇ ಏನು?’ ಅಂತ ಕೇಳಿದನಂತ. ರಾಜಾಗ ಸಿಟ್ಟು ಬಂತು. ಒಂದು ಆತ್ಮಕ್ಕ ಎರಡು ದೇಹ ಇರೂದಿಲ್ಲ ಅಂತ ಹೇಳಿ ಕುದರಿ ಹೊಡಕೊಂಡು ಹೋದ. ಆದ್ರ ಜನ ಅಂತೂ ನಂಬಿದ್ರು, ಹೆಸರಿನ ಜೊತಿ ಹಳೇ ಮನಷ್ಯಾನೂ ಹೊಳ್ಳಿ ಬರ್ತಾನ ಅಂತ. ನಮ್ಮ ಮನ್ಯಾಗೂ ಮೊಮ್ಮಗ ಹಟ ಮಾಡಿದ್ರ ‘ಥೇಟ್ ಅಜ್ಜನ್ನ ನೋಡಿದ್ಹಂಗ ಆಗ್ತದ’ ಅಂತೀವಲ್ಲ!

ಈ ಓಲಾಫ್ 1030ರ ಜುಲೈ 29ಕ್ಕ ಸ್ಟಿಕ್ಲೆಸ್ಟಾಡ್ ಅನ್ನಲ್ಲೆ ಯುದ್ಧದಾಗ ಸತ್ತ. ಮರುವರ್ಷನೇ ಅವನ್ನ ಸಂತ ಮಾಡಿದ್ರು. ಟ್ರಾಂಡ್‌ಹೈಮ್ ಊರಿನ ದೊಡ್ಡ ಚರ್ಚು ಅವನ ಸಮಾಧಿ ಇದ್ದಲ್ಲೇ ಕಟ್ಟಿದ್ದು. ನಾರ್ವೆ ಸರಕಾರದ ಲಾಂಛನದಾಗ ಸಿಂಹ ಹಿಡದದ್ದು ಅವನ ಕೊಡ್ಲಿ. ಹೆಸರು ಅಲ್ಲಿಂದ ಹಬ್ಬಿದ್ದು ಹಬ್ಬಿದ್ದೇ. ಸ್ವೀಡನ್ನಿನ್ಯಾಗ ಓಲೊಫ್, ಡೆನ್ಮಾರ್ಕಿನ್ಯಾಗ ಓಲುಫ್ ಮತ್ತ ಓಲೆ, ಐಸ್‌ಲ್ಯಾಂಡಿನ್ಯಾಗ ಓಲಾಫೂರ್. ಲಂಡನ್ನಿನ್ಯಾಗ ಸೇಂಟ್ ಓಲೇವ್ ಚರ್ಚಿನ ಓಣಿ ಬಾಯಿಂದ ಬಾಯಿಗೆ ಸವದು ಸವದು ‘ಟೂಲಿ’ ಸ್ಟ್ರೀಟ್ ಆತು. ಬೆಳಕಿಗೂ ಒಂದು ವೇಗ ಅದ ಅಂತ 1676ರಾಗ ತೋರಿಸಿಕೊಟ್ಟಂವ ಓಲೆ ರೋಮರ್. ಮಕ್ಕಳು ನೆಲದ ಮ್ಯಾಲೆ ಚೆಲ್ಲಿ ನಮ್ಮ ಕಾಲಿಗೆ ಚುಚ್ಚಸೋ ಲೆಗೋ ತುಂಡು, ಆ ಕಂಪನಿ ಸುರು ಮಾಡಿದ ಬಡಿಗ್ಯಾ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್. ದಿಲ್ಲಿಯೊಳಗ ಓಲೊಫ್ ಪಾಲ್ಮೆ ಮಾರ್ಗ ಅಂತ ರಸ್ತಾ ಅದ, 1986ರಾಗ ಗುಂಡಿಗೆ ಬಲಿಯಾದ ಸ್ವೀಡನ್ ಪ್ರಧಾನಿ ಹೆಸರಿಂದು. ನಾವು ಆಲೂ ಪಲ್ಯಾ ಅಂತ ನಕ್ಕ ಹೆಸರು.

ಈಗ ನಾ ಎಲ್ಲಾಕಿಂತ ಮುಖ್ಯ ಅನ್ನೋ ಕಥಿಗೆ ಬರ್ತೀನಿ, ಮಾರ್ಗರೆಟಾದು. ಡೆನ್ಮಾರ್ಕ್ ರಾಜನ ಮಗಳು, ಹತ್ತು ವರ್ಷದಾಕಿ ಇದ್ದಾಗ ನಾರ್ವೆ ರಾಜಾಗ ಕೊಟ್ಟು ಲಗ್ನ ಮಾಡಿದ್ರು. 1370ರಾಗ ಗಂಡಮಗ ಹುಟ್ಟಿದ, ಓಲಾಫ್. ಒಬ್ಬನೇ ಮಗ. ಅಂವ ಐದು ವರ್ಷದಂವ ಇದ್ದಾಗ ಡೆನ್ಮಾರ್ಕಿಗೆ ರಾಜಾ ಆದ, ಅಪ್ಪ ಸತ್ತ ಮ್ಯಾಲೆ ನಾರ್ವೆಗೂ ರಾಜಾ ಆದ. ರಾಜ್ಯ ನಡಿಸಿದ್ದು ತಾಯಿ. ಹದಿನೇಳು ತುಂಬೋದರೊಳಗ, 1387ರ ಆಗಸ್ಟಿನ್ಯಾಗ, ಹುಡುಗ ತೀರಕೊಂಡ. ಎಲ್ಲಾ ಮುಗೀತು ಅನ್ನೂದರಾಗ ಜನ ಆಕಿನ್ನೇ ಆಳಲಿಕ್ಕೆ ಆರಿಸಿದ್ರು. ಮುಂದ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರೂ ಒಂದೇ ಕೈಯಾಗ ಹಿಡದು 1397ರಾಗ ಕಾಲ್ಮಾರ್ ಒಕ್ಕೂಟ ಕಟ್ಟಿದಾಕಿ ಈಕಿನೇ.

ಆಮ್ಯಾಲೆ 1402ರಾಗ ಒಬ್ಬಂವ ಬಂದ, ನಾನೇ ಓಲಾಫ್, ನಾ ಸತ್ತಿದ್ದಿಲ್ಲ ಅಂತ. ಮಗ ಹೋಗಿ ಹದಿನೈದು ವರ್ಷ ಆದಮ್ಯಾಲೆ ಒಬ್ಬ ಅಪರಿಚಿತ ಅವನ ಹೆಸರು ತೊಟ್ಕೊಂಡು ತಾಯಿ ಎದುರು ಬಂದು ನಿಂತ. ಅವಗ ಡ್ಯಾನಿಷ್ ಭಾಷಾ ಸುದ್ದಾ ಬರತಿದ್ದಿಲ್ಲ. ಅವನ್ನ ಸುಟ್ಟು ಕೊಂದ್ರು. ಕ್ರೂರ ಶಿಕ್ಷಾ, ನಾ ಅದನ್ನ ಸರಿ ಅನ್ನಂಗಿಲ್ಲ. ಆದ್ರ ಆ ತಾಯಿಗೆ ಆ ಹೆಸರು ಮತ್ತೊಬ್ಬರ ಬಾಯಾಗ ಕೇಳಿ ಎದಿಯೊಳಗ ಏನಾಗಿರಬೇಕು, ನೀವೇ ವಿಚಾರ ಮಾಡ್ರಿ. ಅಂಥಾಕಿನೇ, ವಾರಸುದಾರ ಬೇಕಂತ ಅಕ್ಕನ ಮೊಮ್ಮಗನ್ನ ತಂದು, ಬೋಗುಸ್ಲಾವ್ ಅಂತಿದ್ದ ಅವನ ಹೆಸರು ತಗದು ಎರಿಕ್ ಅಂತ ಇಟ್ಲು! ತನ್ನ ಮಗನ ಹೆಸರು ಜೋಪಾನ, ಬ್ಯಾರೆಯವರ ಮಗನ ಹೆಸರು ಬದಲಿ. ನಮ್ಮಂಥಾ ಅತ್ತೆಂದಿರ ಲೆಕ್ಕನೇ ನೋಡ್ರಿ ಇದು.

ನಾರ್ವೆಗೆ ಆಮ್ಯಾಲೆ 570 ವರ್ಷ ಓಲಾಫ್ ಹೆಸರಿನ ರಾಜಾ ಬರಲಿಲ್ಲ. 1957ರಾಗ ಬಂದ ಐದನೇ ಓಲಾವ್ ಹುಟ್ಟಿದ್ದು ಇಂಗ್ಲೆಂಡಿನ್ಯಾಗ, ಅಲೆಕ್ಸಾಂಡರ್ ಅಂತ. 1905ರಾಗ ಅಪ್ಪಗ ನಾರ್ವೆ ಗಾದಿ ಸಿಕ್ತು, ಎರಡು ವರ್ಷದ ಕೂಸಿನ ಹೆಸರು ಓಲಾವ್ ಆತು. ಅಪ್ಪ ಕಾರ್ಲ್ ಇದ್ದಂವ ಹೋಕನ್ ಆದ. ತಾಯಿ ಮಾಡ್ ಮಾತ್ರ ಮಾಡ್ ಅಂತನೇ ಉಳದ್ಲು, ಶಾಣ್ಯಾಕಿ. ಈ ಓಲಾವ್ ರಾಜಾ 1973ರಾಗ ಎಣ್ಣಿ ತುಟ್ಟಾಗಿ ಕಾರು ಓಡಿಸೂದಕ್ಕ ನಿರ್ಬಂಧ ಬಂದಾಗ, ಎಲ್ಲಾರ ಹಂಗ ಟ್ರಾಮ್ ಹತ್ತಿ ಟಿಕೆಟ್ಟಿಗೆ ರೊಕ್ಕ ಚಾಚಿದ ಫೋಟೋ ಭಾಳ ಪ್ರಸಿದ್ಧ. 1991ರಾಗ ಅಂವ ಹೋದಾಗ ಜನ ಅರಮನಿ ಮುಂದ ಬರ್ಫದಾಗ ಸಾಲಾಗಿ ದೀಪಾ ಹಚ್ಚಿಟ್ರು.

ಇನ್ನು ಹೆಣ್ಣುಮಕ್ಕಳ ಮಾತು. ಹಳೇ ನಾರ್ವೆಯೊಳಗ ಓಲನ ಮಗ ಓಲ್ಸೆನ್, ಮಗಳು ಓಲ್ಸ್‌ದತ್ತರ್. ಲಗ್ನ ಆದ್ರೂ ಹಳ್ಳಿ ಹೆಣ್ಣುಮಕ್ಕಳು ಓಲ್ಸ್‌ದತ್ತರ್ ಅಂತನೇ ಸಾಯತಿದ್ರು, ಹೆಸರು ಬದಲಿ ಮಾಡತಿದ್ದಿಲ್ಲ. ಗಂಡ ಹುಡುಗರಿಗೆ ಅಜ್ಜಂದಿರ ಹೆಸರು ಇಟ್ಹಂಗ ಹೆಣ್ಣ ಕೂಸುಗಳಿಗೆ ಎರಡೂ ಕಡೆ ಅಜ್ಜಿಯರ ಹೆಸರು ಇಡತಿದ್ರು. ಮತ್ತೊಂದು ಪದ್ಧತಿ ಕೇಳ್ರಿ: ಹೆಂಡ್ತಿ ಸತ್ತು ಗಂಡ ಎರಡನೇ ಲಗ್ನ ಆದ್ರ, ಎರಡನೇಯಾಕಿಗೆ ಹುಟ್ಟಿದ ಮೊದಲ ಹೆಣ್ಣ ಕೂಸಿಗೆ ಸತ್ತಾಕಿ ಹೆಸರು ಇಡತಿದ್ರು. ಸವತಿ ಹೆಸರು ತನ್ನ ಹೊಟ್ಟಿ ಮಗಳಿಗೆ! ಇದನ್ನ ಓದಿ ನಾ ಸ್ವಲ್ಪ ಹೊತ್ತು ಸುಮ್ಮನ ಕೂತೆ. 1923ರಾಗ ಕಾಯ್ದೆ ಬಂದು ಮನಿತನಕ್ಕೊಂದು ಅಡ್ಡಹೆಸರು ಗಟ್ಟಿ ಆದಮ್ಯಾಲೆ ಹೆಣ್ಣುಮಕ್ಕಳೂ ಓಲ್ಸೆನ್ ಆದ್ರು, ಅಂದ್ರ ‘ಓಲನ ಮಗ’. ಐಸ್‌ಲ್ಯಾಂಡಿನವರು ಮಾತ್ರ ಬಿಡಲಿಲ್ಲ, ಅಲ್ಲೆ ಇವತ್ತಿಗೂ ಓಲಾಫ್ಸ್‌ದೋತ್ತಿರ್, ಲಗ್ನಕ್ಕ ಮೊದಲೂ ಅದೇ, ಆಮ್ಯಾಲೂ ಅದೇ.

ಐಸ್‌ಲ್ಯಾಂಡಿನ್ಯಾಗ ಈ ಹೆಸರಿಗೆ ಹೆಣ್ಣು ರೂಪನೂ ಅದ, ಓಲೋಫ್ ಅಂತ. ಅಲ್ಲಿಯ ಶ್ರೀಮಂತ ಓಲೋಫ್‌ಳ ಗಂಡನ್ನ 1467ರಾಗ ಇಂಗ್ಲಿಷ್ ವ್ಯಾಪಾರಿಗಳು ಕೊಂದ್ರು. ಸುದ್ದಿ ಬಂದಾಗ ಆಕಿ ಅಳೂದು ಬ್ಯಾಡ, ಮಂದಿ ಕೂಡಸ್ರಿ ಅಂದಳಂತ. ಹಿರಿಯರ ಉಳಿಕಿ ಅನ್ನೋ ಹೆಸರಿಗೆ ಹೆಣ್ಣುಮಗಳೂ ಹಕ್ಕುದಾರಳು ಅಂತ ಆ ಜನ ಒಪ್ಕೊಂಡಿದ್ರು.

ನಮ್ಮಲ್ಲೆ? ಅಜ್ಜನ ಹೆಸರು ಮೊಮ್ಮಗಗ, ಅವನ ಹೆಸರು ಅವನ ಮೊಮ್ಮಗಗ, ಸರಪಳಿ ಕಡಿಯೂದಿಲ್ಲ. ನಾವು ಮಾತ್ರ ಲಗ್ನದ ದಿನ ತಾಟಿನ್ಯಾಗಿನ ಅಕ್ಕಿಯೊಳಗ ಗಂಡ ಉಂಗುರದಿಂದ ಬರದ ಹೆಸರಿಗೆ ‘ಓ’ ಅಂತೀವಿ. ಅಕ್ಕಿ ಸರಸಿದ್ರ ಅಕ್ಷರನೂ ಹೋತು, ಹಳೇ ಹೆಸರೂ ಹೋತು. ಗಂಡನ ಹೆಸರು ಹೇಳಲಿಕ್ಕೆ ಚಂದ ಚಂದ ಒಡಪು ಕಟ್ಟಿ ಕಲತೀವಿ, ನಮ್ಮ ಹೆಸರು ಕೇಳೋರು ಯಾರು? ನಂಗ ಹೊಸಾ ಹೆಸರು ಬಂದು ನಲವತ್ತು ವರ್ಷ ಆತು. ಹಳೇದರಿಂದ ಕರಿಯೋರು ತವರಮನ್ಯಾಗ ಈಗ ಒಬ್ಬರೇ ಉಳದಾರ, ಅವರಿಗೂ ಎಂಬತ್ತು ದಾಟೇದ.

ನಮ್ಮ ಅತ್ತಿ ತೀರಕೊಂಡ ವರ್ಷ ಅಟ್ಟದ ಮ್ಯಾಲಿನ ಹಿತ್ತಾಳಿ ಭಾಂಡಿ ಇಳಿಸಿ ಹುಣಸಿಹಣ್ಣು ಹಚ್ಚಿ ತಿಕ್ಕಲಿಕ್ಕೆ ಕೂತಿದ್ದೆ. ಒಂದು ತಂಬಿಗಿ ಕಂಠದ ಮ್ಯಾಲೆ ಚುಕ್ಕಿ ಚುಕ್ಕಿ ಹೊಡದು ಒಂದು ಹೆಸರು ಬರದಿತ್ತು. ಯಾರದಿದು, ಅದಲು ಬದಲು ಆಗಿ ಬಂದದ್ದೇನು ಅಂತ ಮನ್ಯಾಗ ಎಲ್ಲಾರನ್ನೂ ಕೇಳಿದೆ. ಆಕಿ ಹಡದ ಮಕ್ಕಳಿಗೇ ಗೊತ್ತಿಲ್ಲ. ಕಡೀಗೆ ಅವರ ತವರಿಗೆ ಫೋನ್ ಹಚ್ಚಿ ಕೇಳಿದ್ರ, ಅದು ಆಕೀದೇ ಹೆಸರು. ಹದಿನಾಲ್ಕು ವರ್ಷದ ತನಕ ಆಕಿ ‘ಓ’ ಅಂದ ಹೆಸರು, ಲಗ್ನದಾಗ ತವರಿನವರು ಹಾಕಿಸಿ ಕೊಟ್ಟದ್ದು. ಐವತ್ತು ವರ್ಷ ಆ ತಂಬಿಗಿ ನಮ್ಮ ಅಟ್ಟದ ಮ್ಯಾಲಿತ್ತು. ಆಕಿ ಒಂದಿನಾನೂ ಬಾಯಿ ಬಿಡಲಿಲ್ಲ, ನಾವೂ ಕೇಳಲಿಲ್ಲ. ಆ ಹೆಸರು ಇಲ್ಲೆ ಬರಿಯಂಗಿಲ್ಲ, ಮನಿಯವರಿಗೆ ಗೊತ್ತದ.

ಐತವಾರ ಸಂಜಿಗೆ ಇದನ್ನೆಲ್ಲಾ ಹೇಳಿದಾಗ ನೆಗೆಣ್ಣಿ, “ಶಾಸ್ತ್ರ ಬಿಡಲಿಕ್ಕೆ ಬರ್ತದೇನು? ಮಂದಿ ಏನಂದಾರು?” ಅಂದ್ಲು. ಶಾಸ್ತ್ರ ಯಾಕ ಬಿಡಬೇಕು, ತಾಟೂ ಇರಲಿ, ಅಕ್ಕೀನೂ ಇರಲಿ, ಉಂಗುರನೂ ಇರಲಿ. ಹುಡುಗ ಬರೀಲಿ, ಆಕಿ ಅಪ್ಪ ಅವ್ವ ಇಟ್ಟ ಹೆಸರನ್ನೇ ಬರೀಲಿ. ಹುಡುಗಿಗೆ ಫೋನ್ ಮಾಡಿ ನಿನ್ನ ಮನಸಿನ್ಯಾಗ ಏನದ ಅಂತನೂ ಕೇಳಿದೆ, ಶೇಂಗಾ ಸುಲಿಯೂಮುಂದ ಅದೊಂದು ನಮಗ ಯಾರಿಗೂ ಹೊಳದಿದ್ದಿಲ್ಲ. “ನೀವು ಹೆಂಗಂತೀರೋ ಹಂಗ, ಅತ್ತೀ” ಅಂದ್ಲು ಮೊದಲ. ಆಮ್ಯಾಲೆ ಸ್ವಲ್ಪ ತಡದು, ಅದು ಆಕಿ ಅವ್ವನ ತಾಯಿ ಹೆಸರು ಅಂತ ಹೇಳಿದ್ಲು.

ಹೊಸಾ ತಂಬಿಗಿ ಒಂದು ತಂದೀನಿ. ಹೆಸರು ಹಾಕಂವಾ ಬುಧವಾರ ಬಾ ಅಂದಾನ.