ಆಟದ ಖರ್ಚು ಯಾರ ಕಿಸೆಯಿಂದ?

ತಾಲ್ಲೂಕು ಮಟ್ಟದಲ್ಲಿ ಗೆದ್ದ ಕಬಡ್ಡಿ ತಂಡ ಜಿಲ್ಲಾ ಕ್ರೀಡಾಕೂಟಕ್ಕೆ ಹೊರಡಬೇಕು. ಶಾಲೆಯ ಸೂಚನಾ ಫಲಕದಲ್ಲಿ 12 ಹೆಸರುಗಳ ಪಟ್ಟಿ. ಅದರ ಕೆಳಗೆ ಇನ್ನೊಂದು ಸಾಲು: ‘ಪ್ರತಿಯೊಬ್ಬರೂ ಸೋಮವಾರದೊಳಗೆ ಹಣ ತರತಕ್ಕದ್ದು.’ ಸೋಮವಾರ ಒಬ್ಬ ಹುಡುಗ ಶಾಲೆಗೆ ಬರುವುದಿಲ್ಲ. ಮಂಗಳವಾರ ಬಂದು ‘ಕಾಲು ನೋವು ಸಾರ್’ ಎನ್ನುತ್ತಾನೆ. ಶನಿವಾರದವರೆಗೂ ಎದುರಾಳಿಗಳನ್ನು ಎಳೆದುಕೊಂಡು ಗೆರೆ ಮುಟ್ಟುತ್ತಿದ್ದ ಕಾಲಿಗೆ ಒಂದೇ ದಿನದಲ್ಲಿ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ. ಹಣ ಕೊಡಬಲ್ಲ ಮತ್ತೊಬ್ಬನ ಹೆಸರು ಪಟ್ಟಿ ಸೇರುತ್ತದೆ.

ಎಲ್ಲರಿಗೂ ಸಮಪಾಲು ಎಂಬುದು ಲೆಕ್ಕದಲ್ಲಿ ಸರಿ, ಆದರೆ ತಂಡದ ಆಯ್ಕೆಯನ್ನು ಅದು ಸದ್ದಿಲ್ಲದೆ ಬದಲಿಸಿಬಿಡುತ್ತದೆ. ಆದ್ದರಿಂದ ಖರ್ಚನ್ನು ತಲೆಗೆ ಇಷ್ಟೆಂದು ಹಂಚುವ ಬದಲು ತಂಡವೇ ಒಟ್ಟಾಗಿ ಹಣ ಕೂಡಿಸುವುದು ಒಳ್ಳೆಯದು.

ಕಬಡ್ಡಿಯನ್ನು ಖರ್ಚಿಲ್ಲದ ಆಟ ಎನ್ನುವುದುಂಟು. ಮಣ್ಣಿನ ಅಂಗಳದಲ್ಲಿ ಬರಿಗಾಲಿನಲ್ಲಿ ಆಡುತ್ತಿದ್ದಾಗ ಆ ಮಾತು ನಿಜವೇ ಆಗಿತ್ತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಪದಕದ ಆಟವಾಯಿತು. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹಳ್ಳಿ ಹುಡುಗರೂ ಟಿ.ವಿ.ಯಲ್ಲಿ ಮ್ಯಾಟಿನ ಮೇಲಿನ ಆಟ ಕಂಡರು. ಮೇಲಿನ ಹಂತದ ಪಂದ್ಯಗಳು ನಡೆಯುವುದು ಮ್ಯಾಟಿನ ಮೇಲೆಯೇ. ಅಲ್ಲಿ ಷೂ ಬೇಕು. ಮಣ್ಣಿನಲ್ಲಿ ಹುಲಿಯಾಗಿದ್ದವನು ಹೊಸ ಷೂ ಹಾಕಿಕೊಂಡು ಅಲ್ಲೇ ಮೊದಲ ಬಾರಿ ಕಾಲಿಟ್ಟರೆ ಜಾರದೆ ಇನ್ನೇನಾದೀತು?

ಮೊದಲು ಬೇಕಾದದ್ದು ಖರ್ಚಿನ ಅಂದಾಜು. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ಉದಾಹರಣೆಗೆ, 12 ಹುಡುಗರು ಮತ್ತು ಒಬ್ಬ ದೈಹಿಕ ಶಿಕ್ಷಕರು ಎರಡು ದಿನ ಹೋಗಿಬರುವುದು ಎಂದಿಟ್ಟುಕೊಳ್ಳಿ. ಹೋಗಿಬರುವ ಬಸ್ ದರ ತಲೆಗೆ 240 ರೂಪಾಯಿಯಾದರೆ 3,120. ಊಟ ತಿಂಡಿಗೆ ದಿನಕ್ಕೆ 200ರಂತೆ 5,200. ಷೂ ಇಲ್ಲದ ಐವರಿಗೆ 900ರಂತೆ 4,500. ಕ್ರೇಪ್ ಬ್ಯಾಂಡೇಜು, ಮುಲಾಮು, ಐಸ್ ಇತ್ಯಾದಿಗೆ 700. ಒಟ್ಟು 13,520 ರೂಪಾಯಿ. ಕೂಲಿ ಮಾಡುವ ಮನೆಗೆ ಇದರ ಹನ್ನೆರಡನೇ ಒಂದು ಪಾಲೂ ಭಾರವೇ. ಊಟವನ್ನು ಸಂಘಟಕರೇ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಂಡರೆ ದೊಡ್ಡ ಬಾಬತ್ತೊಂದು ಕಡಿಮೆಯಾದೀತು. ಹುಡುಗಿಯರ ತಂಡವಾದರೆ ಇನ್ನೊಂದು ಅನುಕೂಲವಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣ ಅವರಿಗೆ ಉಚಿತ. ಗುರುತಿನ ಚೀಟಿ ಮರೆಯಬಾರದು, ಅಷ್ಟೆ.

ಇನ್ನು ಹಣ ಎಲ್ಲಿಂದ? ರಸೀದಿ ಪುಸ್ತಕ ಕೊಟ್ಟು ಮಕ್ಕಳನ್ನು ಅಂಗಡಿಯಿಂದ ಅಂಗಡಿಗೆ ಓಡಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಗಣಪತಿ ಚಂದಾ, ರಾಜ್ಯೋತ್ಸವದ ಚಂದಾ ಕೊಟ್ಟು ಬೇಸತ್ತ ಅಂಗಡಿಯವರು ‘ನಾಳೆ ಬಾ’ ಎನ್ನುತ್ತಾರೆ. ಆ ಮಾತನ್ನು ಹತ್ತು ಕಡೆ ಕೇಳಿದ ಹುಡುಗನಿಗೆ ಆಟದ ಹುರುಪೇ ಇಳಿದುಹೋಗುತ್ತದೆ.

ಅದಕ್ಕಿಂತ ಹಳೆಯ ಪತ್ರಿಕೆ ಕೂಡಿಸುವುದು ಮೇಲು. ಪತ್ರಿಕೆಯ ಕಾಗದದ ತೂಕ ಚದರ ಮೀಟರಿಗೆ ಸುಮಾರು 45 ಗ್ರಾಂ. ಆ ಲೆಕ್ಕದಲ್ಲಿ 16 ಪುಟದ ಒಂದು ದಿನಪತ್ರಿಕೆ 70 ಗ್ರಾಂನಷ್ಟು ತೂಗುತ್ತದೆ. ತಿಂಗಳಿಗೆ ಎರಡು ಕಿಲೋ. ನೂರು ಮನೆಯವರು ಮೂರು ತಿಂಗಳು ಕೊಟ್ಟರೆ 600 ಕಿಲೋ. ಕಿಲೋಗೆ 12 ರೂಪಾಯಿ ಸಿಕ್ಕರೂ 7,200 ರೂಪಾಯಿ, ಅಂದರೆ ಮೇಲಿನ ಅಂದಾಜಿನ ಅರ್ಧಕ್ಕಿಂತ ಹೆಚ್ಚು. ಮನೆಯವರಿಗೂ ಇದು ಕೊಡುಗೆ ಅನ್ನಿಸುವುದಿಲ್ಲ, ಅಟ್ಟ ಖಾಲಿಯಾಯಿತು ಅನ್ನಿಸುತ್ತದೆ. ಗುಜರಿ ಅಂಗಡಿಗೆ ಹೋಗುವಾಗ ನೀರಿನ ಒಂದು ಕ್ಯಾನು ಜೊತೆಗಿರಲಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ ಎಂಬುದು ಏಳನೇ ತರಗತಿಯವರಿಗೂ ಗೊತ್ತು. ಖಾಲಿ ಕ್ಯಾನನ್ನು ಒಮ್ಮೆ, ಐದು ಲೀಟರ್ ಅಳೆದು ತುಂಬಿ ಇನ್ನೊಮ್ಮೆ ತೂಗಿಸಿದರೆ ವ್ಯತ್ಯಾಸ ಐದು ಕಿಲೋ ಬರಬೇಕು. ನಾಲ್ಕೂವರೆ ತೋರಿಸಿದರೆ ಜಗಳವಾಡಬೇಕಾಗಿಲ್ಲ, ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆದರಾಯಿತು. ಮನೆಮನೆಗೆ ಹೋಗುವುದು ರಜೆಯ ದಿನ ಹಗಲಿನಲ್ಲೇ ಆಗಲಿ, ಗುಂಪಿನ ಜೊತೆ ದೊಡ್ಡವರೊಬ್ಬರು ಇರಲಿ.

ನಮ್ಮ ಶಾಲೆಗಳಿಗೆ ಒಗ್ಗಿದ ಮತ್ತೊಂದು ದಾರಿ ಮಕ್ಕಳ ಸಂತೆ. ಹಿತ್ತಲಿನ ಕರಿಬೇವು, ನಿಂಬೆಹಣ್ಣು, ನುಗ್ಗೆಸೊಪ್ಪು, ಮನೆಯಲ್ಲೇ ಕಲಸಿದ ಚುರುಮುರಿ, ಮಜ್ಜಿಗೆ ಇವೆಲ್ಲ ಒಂದು ಬೆಳಗಿನಲ್ಲಿ ಖಾಲಿಯಾಗುತ್ತವೆ. ಜೂನ್‌ನಲ್ಲಿ ಪಪ್ಪಾಯಿ ಬೀಜ ಹಾಕಿದರೆ ಒಂದೂವರೆ ಎರಡು ತಿಂಗಳಲ್ಲಿ ಸಸಿಯನ್ನೂ ಮಾರಬಹುದು. ಒಂದೇ ಎಚ್ಚರಿಕೆ: ತಾಯಂದಿರು ಮನೆಯ ಎಣ್ಣೆ, ಹಿಟ್ಟು, ಗ್ಯಾಸು ಖರ್ಚು ಮಾಡಿ ಬಜ್ಜಿ ಕರಿದುಕೊಟ್ಟು, ಮಾರಿದ ಹಣವೆಲ್ಲ ಲಾಭವೆಂದು ಬರೆದರೆ ಅದು ಲಾಭವಲ್ಲ, ವೇಷ ಮರೆಸಿದ ಚಂದಾ. ಸಾಮಗ್ರಿಯ ಬೆಲೆ ಕಳೆದು ಉಳಿದದ್ದಷ್ಟೇ ತಂಡದ್ದು.

ಹೊನಲು ಬೆಳಕಿನ ಪಂದ್ಯಾವಳಿ ನಡೆಸಿ ಹಣ ಮಾಡೋಣ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಶಾಮಿಯಾನ, ಮೈಕು, ದೀಪ, ಆಳೆತ್ತರದ ಟ್ರೋಫಿ, ಅತಿಥಿಗಳಿಗೆ ಹಾರ, ಶಾಲು ಎಲ್ಲ ಮುಗಿದ ಮೇಲೆ ತಂಡಕ್ಕೆ ಸಾಲ ಉಳಿದರೂ ಆಶ್ಚರ್ಯವಿಲ್ಲ. ಊರಿನ ಹವ್ಯಾಸಿ ಕಲಾವಿದರು ಒಪ್ಪಿ ಸಹಾಯಾರ್ಥ ನಾಟಕವನ್ನೋ ಯಕ್ಷಗಾನವನ್ನೋ ಆಡಿಕೊಟ್ಟರೆ ಆ ಮಾತು ಬೇರೆ. ಅದೃಷ್ಟ ಚೀಟಿ ಮಾರುವ ಯೋಚನೆ ಮಾತ್ರ ಬೇಡ. ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ‘ಹತ್ತು ರೂಪಾಯಿಗೆ ಕುಕ್ಕರ್’ ಕೂಡ ಲಾಟರಿಯೇ. ಗುಟ್ಕಾ, ಸಿಗರೇಟಿನ ಹೆಸರು ಅಂಗಿಯ ಬೆನ್ನಿಗೆ ಬರುವುದೂ ಬೇಡ. 2003ರ ತಂಬಾಕು ನಿಯಂತ್ರಣ ಕಾಯಿದೆ ಅದಕ್ಕೆ ಅವಕಾಶ ಕೊಡುವುದಿಲ್ಲ.

ಶಾಲೆಗೇ ಮ್ಯಾಟು ತರಿಸುವ ಆಸೆಯಿದ್ದರೆ ಅದು ಬೇರೆಯೇ ಲೆಕ್ಕ. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ, ಅಂದರೆ 96 ಚದರ ಮೀಟರ್. ಪುರುಷರದು 13ಕ್ಕೆ 10, ಅಂದರೆ 130. ಇಲ್ಲಿ ಹಳೆಯ ವಿದ್ಯಾರ್ಥಿಗಳನ್ನು ಧೈರ್ಯವಾಗಿ ಕೇಳಬಹುದು. ಒಟ್ಟು ಮೊತ್ತ ಹೇಳಿದರೆ ಬೆಚ್ಚುವವರು ‘ನಿಮ್ಮ ಹೆಸರಿನಲ್ಲಿ ಒಂದು ಚೌಕ’ ಎಂದರೆ ಒಪ್ಪುತ್ತಾರೆ. ಚೌಕಗಳ ನಕ್ಷೆಯನ್ನು ಗೋಡೆಗೆ ಹಚ್ಚಿ, ಹಣ ಬಂದಂತೆ ಒಂದೊಂದಕ್ಕೆ ಬಣ್ಣ ತುಂಬಿದರೆ ಎಷ್ಟು ಬಾಕಿಯೆಂದು ಯಾರೂ ಕೇಳಬೇಕಾಗಿಲ್ಲ. ದೊಡ್ಡ ಕಾರ್ಖಾನೆ ಹತ್ತಿರವಿದ್ದರೆ ಅಲ್ಲಿಗೂ ಒಂದು ಅರ್ಜಿ ಹೋಗಲಿ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಸಾಮಾಜಿಕ ಕೆಲಸಕ್ಕೆ ತೆಗೆದಿಡುವ ಹಣವನ್ನು ಗ್ರಾಮೀಣ ಕ್ರೀಡೆಯ ತರಬೇತಿಗೂ ಬಳಸಬಹುದು.

ಬಂದ ಹಣ ಯಾರ ಜೇಬಿನಲ್ಲೂ ಇರಬಾರದು, ಮೇಷ್ಟರ ಜೇಬಿನಲ್ಲಂತೂ ಬೇಡವೇ ಬೇಡ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿಯ ಖಾತೆಗೆ ಕಟ್ಟಿ, ಜಮಾಖರ್ಚನ್ನು ಪಟ್ಟಿ ಹಾಕಿದ ಅದೇ ಸೂಚನಾ ಫಲಕದಲ್ಲಿ ಹಾಕಬೇಕು. ಅದರಲ್ಲಿ ಒಟ್ಟು ಮೊತ್ತ ಇದ್ದರೆ ಸಾಕು. ಯಾವ ಹುಡುಗ ಎಷ್ಟು ಕಾಗದ ತಂದ, ಯಾರಿಗೆ ಷೂ ಕೊಡಿಸಿದರು ಎಂಬ ವಿವರ ಬೇಡ.

ಷೂಗಳು ಶಾಲೆಯ ಆಸ್ತಿಯಾಗಿಯೇ ಉಳಿಯಲಿ. ಒಳಗೆ ಅಳತೆ ಮತ್ತು ಕೊಂಡ ವರ್ಷ ಬರೆದು ಬೀರುವಿನಲ್ಲಿಟ್ಟರೆ ಮುಂದಿನ ವರ್ಷದ ತಂಡಕ್ಕೂ ಆಗುತ್ತವೆ. ಒದ್ದೆ ಷೂವನ್ನು ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಒಳಗೆ ಕಾಗದ ತುರುಕಿ ನೆರಳಿನಲ್ಲಿ ಒಣಗಿಸಬೇಕು. ಅದಕ್ಕಾಗಿ ಒಂದು ಕಟ್ಟು ಪತ್ರಿಕೆಯನ್ನು ಗುಜರಿಗೆ ಹಾಕದೆ ಉಳಿಸಿಕೊಂಡಿರಿ.